ಸ್ಪೀಕರ್ ಪೆಟ್ಟಿಗೆಗೆ ತೇಗ ಯಾಕೆ ಬೇಡ

ನಮ್ಮ ಮಾಗಡಿ ಸೀಮೆಯಲ್ಲಿ ಯಾರೇ ಹೊಸ ಮನೆ ಕಟ್ಟಲಿ, ಬಾಗಿಲು ಕಿಟಕಿಗೆ ತಂದ ತೇಗದಲ್ಲಿ ನಾಲ್ಕು ಹಲಗೆ ಮಿಕ್ಕೇ ಮಿಗುತ್ತವೆ. ಹಲಗೆ ಮಿಕ್ಕ ಮೇಲೆ ಆಸೆ ಹುಟ್ಟುತ್ತದೆ. "ಅಣ್ಣ, ಇದ್ರಲ್ಲಿ ಒಂದ್ ಜೊತೆ ಸ್ಪೀಕರ್ ಬಾಕ್ಸ್ ಮಾಡಿಸ್ಕೊಡಿ. ಪ್ಯೂರ್ ಟೀಕು. ಸೌಂಡ್ ಹೆಂಗ್ ಬರ್ಬೋದು ನೋಡಿ!" ಕಲ್ಯದ ನನ್ನ ರಿಪೇರಿ ಕೋಣೆಗೆ ಬರುವವರಲ್ಲಿ ಅರ್ಧಕ್ಕರ್ಧ ಜನರ ಮಾತು ಇದೇ. ಅದರಲ್ಲಿ ದೇವರ ಮಂಟಪ ಮಾಡಿಸಿ, ಸ್ಪೀಕರಿಗೆ ಪ್ಲೈವುಡ್ ಸಾಕು ಅನ್ನುತ್ತೇನೆ. ಬಂದವರ ಮುಖ ಅಷ್ಟಕ್ಕೇ ಸಣ್ಣಗಾಗುತ್ತದೆ.

ಈ ಊರಿಗೆ ಜನ ಬರುವುದು ಸಾಮಾನ್ಯವಾಗಿ ಬೇರೆ ಕಾರಣಕ್ಕೆ. ಕವಿ ಪಾಲ್ಕುರಿಕೆ ಸೋಮನಾಥನ ಸಮಾಧಿ ನೋಡಲು ಬರುತ್ತಾರೆ. ಜೈನರಿಗೂ ವೈಷ್ಣವರಿಗೂ ಬುಕ್ಕರಾಯ ರಾಜಿ ಮಾಡಿಸಿದ 1368ರ ಇಲ್ಲಿನ ಶಾಸನವನ್ನು ಓದಿಕೊಂಡವರೂ ಹುಡುಕಿ ಬರುವುದುಂಟು. ಸ್ಪೀಕರ್ ಹುಡುಕಿಕೊಂಡು ಬರುವವರು ಇತ್ತೀಚಿನವರು. ಬೆಂಗಳೂರಿನಲ್ಲಿ ದುಡಿದು ಊರ ಕಡೆ ಮನೆ ಮಾಡಿಕೊಂಡವರು, ಅಪ್ಪನ ಕಾಲದ ಗ್ರಾಮಫೋನ್ ತಟ್ಟೆಗಳನ್ನು ಅಟ್ಟದಿಂದ ಇಳಿಸಿದವರು. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಮರ ಅಂದ ಕೂಡಲೇ ನಮಗೆ ವಾದ್ಯ ನೆನಪಾಗುವುದು ಸಹಜ. ವೀಣೆಯ ಕೊಡ ಹಲಸಿನದು, ಮೃದಂಗದ ಒಡಲೂ ಹಲಸಿನದು. ಪಕ್ಕದ ಚನ್ನಪಟ್ಟಣ ಗೊಂಬೆಗೆ ಹೆಸರಾದ ಊರು ಅಂತ ಎಲ್ಲರಿಗೂ ಗೊತ್ತು. ಬ್ರಿಟಿಷರ ಕಾಲದ ಗೆಜೆಟಿಯರು ತೆಗೆದರೆ, ಅದು ವಾದ್ಯಗಳಿಗೆ ಹಾಕುವ ಸಣ್ಣ ಉಕ್ಕಿನ ತಂತಿಗೂ ಹೆಸರಾಗಿತ್ತು ಎಂದು ಸಿಗುತ್ತದೆ. ವೀಣೆ ಮಾಡುವವರು ಕೊಡವನ್ನು ಕೊರೆದು ಕೊರೆದು ತೆಳ್ಳಗೆ ಮಾಡುವುದು ತಂತಿಯ ಅದುರು ಮರಕ್ಕೆ ಇಳಿಯಲಿ, ಮರವೇ ನುಡಿಯಲಿ ಎಂದು. ಸ್ಪೀಕರಿನ ಕಥೆ ಪೂರ್ತಿ ಉಲ್ಟಾ. ಅಲ್ಲಿ ಹಾಡುವವರು ಹಾಡಿ ಮುಗಿಸಿದ್ದಾರೆ. ಅವರ ವೀಣೆಯ ಮರ ನುಡಿಯಬೇಕಾದ್ದನ್ನೆಲ್ಲ ನುಡಿದು, ಅದು ರೆಕಾರ್ಡೂ ಆಗಿದೆ. ನಮ್ಮ ಪೆಟ್ಟಿಗೆ ಅದರ ಮೇಲೆ ತನ್ನದೊಂದು ದನಿ ಸೇರಿಸಿದರೆ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಗೂ ಚಿಟ್ಟಿಬಾಬು ಅವರ ವೀಣೆಗೂ ಒಂದೇ ಬಣ್ಣ ಬಂದುಬಿಡುತ್ತದೆ. ಪೆಟ್ಟಿಗೆಯ ಕೆಲಸ ಬಾಯಿ ಮುಚ್ಚಿಕೊಂಡಿರುವುದು.

ಹಾಗಾದರೆ ಪೆಟ್ಟಿಗೆ ಯಾಕೆ ಬೇಕು? ಸ್ಪೀಕರನ್ನು ಮೊಳೆಗೆ ನೇತುಹಾಕಿದರೆ ಆಗದೇ?

ಒಂದು ಹಳೆಯ ಸ್ಪೀಕರನ್ನು ಬರಿಗೈಯಲ್ಲಿ ಹಿಡಿದು ಆಂಪ್ಲಿಫೈಯರಿಗೆ ತಗುಲಿಸಿ ನೋಡಿ. ಮಾತು ಕೇಳುತ್ತದೆ, ತಾಳ ಕೇಳುತ್ತದೆ, ಮೃದಂಗದ ಎಡಗೈ ಪೆಟ್ಟು ಮಾತ್ರ ಇರುವುದಿಲ್ಲ. ಕೋನಿನ ಕಾಗದ ಮುಂದಕ್ಕೆ ಬಂದಾಗ ಎದುರಿನ ಗಾಳಿಯನ್ನು ದಬ್ಬುತ್ತದೆ, ಅದೇ ಕ್ಷಣದಲ್ಲಿ ಹಿಂದಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ತಗ್ಗಿನ ಸ್ವರದ ಅಲೆ ಬಲು ಉದ್ದ. 100 ಹರ್ಟ್ಜ್ ಅಂದರೆ ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್. ಅಷ್ಟುದ್ದದ ಅಲೆಗೆ ನಾಲ್ಕೈದು ಅಂಗುಲದ ಕೋನು ಲೆಕ್ಕಕ್ಕೇ ಇಲ್ಲ. ಮುಂದೆ ದಬ್ಬಿದ ಗಾಳಿ ಅಂಚು ಬಳಸಿ ಹಿಂದಕ್ಕೆ ಓಡಿಹೋಗುತ್ತದೆ, ಒಂದು ಇನ್ನೊಂದನ್ನು ಹೊಡೆದುಹಾಕುತ್ತದೆ. ಈ ಎರಡರ ನಡುವೆ ಗೋಡೆ ಎಬ್ಬಿಸುವುದಕ್ಕೇ ಪೆಟ್ಟಿಗೆ.

ನಮ್ಮ ಹಿರಿಯರ ವಾಲ್ವ್ ರೇಡಿಯೋ ಈ ಗೋಡೆಯನ್ನು ಅರ್ಧ ಮಾತ್ರ ಕಟ್ಟಿತ್ತು. ಮರ್ಫಿ, ಫಿಲಿಪ್ಸ್, ಬುಷ್ ಯಾವುದನ್ನೇ ತಿರುಗಿಸಿ ನೋಡಿ, ಮುಂದೆ ಮಿರಮಿರ ಮರ, ಹಿಂದೆ ತೂತು ತೂತಾದ ರಟ್ಟಿನ ಹಲಗೆ. ವಾಲ್ವುಗಳ ಶಾಖ ಹೋಗಬೇಕಲ್ಲ. ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ದುಡ್ಡು ಕಟ್ಟುತ್ತಿದ್ದ ಆ ಕಾಲದಲ್ಲಿ ಊರಿಗೊಂದೋ ಎರಡೋ ಇದ್ದ ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳ ಒಳಗೆ ಇದ್ದದ್ದು ಒಂದೇ ಸ್ಪೀಕರು. ವಾರ್ತೆ, ಕೃಷಿರಂಗ, ಗಮಕ, ಕೋರಿಕೆ ಚಿತ್ರಗೀತೆ, ಎಲ್ಲವನ್ನೂ ಅದೊಂದೇ ನುಡಿಯಬೇಕು. ಫುಲ್ ರೇಂಜ್ ಅಂದರೆ ಇಷ್ಟೇ. ಇವತ್ತು ಬಹಳ ದುಬಾರಿ ಹವ್ಯಾಸದಂತೆ ಕಾಣುವ ಈ ಪದ್ಧತಿ ನಮ್ಮ ಜಗಲಿಗಳ ಮೇಲೆ ಆಗಲೇ ಕೂತಿತ್ತು.

ಒಂದೇ ಕೋನು ಯಾಕೆ ಎಂದು ಕೇಳುವವರಿದ್ದಾರೆ. ಅಂಗಡಿಯಲ್ಲಿ ಸಿಗುವ ಸ್ಪೀಕರುಗಳಲ್ಲಿ ದಪ್ಪ ಸ್ವರಕ್ಕೆ ವೂಫರ್, ಸಣ್ಣ ಸ್ವರಕ್ಕೆ ಟ್ವೀಟರ್, ನಡುವೆ ಕ್ರಾಸೋವರ್ ಎಂಬ ಹಂಚಿಕೆ. ಹಂಚುವ ಜಾಗ ಸಾಮಾನ್ಯವಾಗಿ 2,000ದಿಂದ 3,000 ಹರ್ಟ್ಜ್ ನಡುವೆ ಬೀಳುತ್ತದೆ. ನಮ್ಮ ಕಿವಿ ಬಹಳ ಚುರುಕಾಗಿರುವುದೂ ಅದರ ಆಸುಪಾಸಿನಲ್ಲೇ. ಹಾಡುವ ಹೆಂಗಸಿನ ದನಿಯ ಬುಡ ಒಂದು ಕೋನಿನಿಂದ, ಅದೇ ದನಿಯ ಅಂಚು ಇನ್ನೊಂದರಿಂದ ಬರುತ್ತದೆ. ಚೆನ್ನಾಗಿ ಮಾಡಿದ ಕ್ರಾಸೋವರಿನಲ್ಲಿ ಬೆಸುಗೆ ಗೊತ್ತಾಗದು, ಅಗ್ಗದ್ದರಲ್ಲಿ ಗೊತ್ತಾಗಿಯೇ ಆಗುತ್ತದೆ. ಫುಲ್ ರೇಂಜಿನಲ್ಲಿ ಬೆಸುಗೆಯೇ ಇಲ್ಲ, ಹಾಗಾಗಿ ಒಂಟಿ ದನಿ, ಒಂಟಿ ವಾದ್ಯ ಎದುರಿಗೇ ಕೂತಂತಿರುತ್ತದೆ. ಕಳೆದುಕೊಳ್ಳುವುದೂ ಉಂಟು. ಮನೆ ಅದುರುವಷ್ಟು ಜೋರು ಸಾಧ್ಯವಿಲ್ಲ, ತೀರಾ ತಳದ ಸ್ವರ ಇಲ್ಲ, ಅತಿ ಸಣ್ಣ ಸ್ವರ ನೇರ ಎದುರಿಗೆ ಕೂತವರಿಗಷ್ಟೇ. ಇಂಗ್ಲೆಂಡಿನ ಪಾಲ್ ವಾಯ್ಟ್ 1930ರ ದಶಕದಲ್ಲೇ ಈ ಕೊರತೆಗಳ ಜೊತೆ ಗುದ್ದಾಡಿದ. ಕೋನಿನ ನಡುವೆ ಇನ್ನೊಂದು ಪುಟ್ಟ ಕೋನು ಅಂಟಿಸಿದ, ಬೆನ್ನಿನ ಸದ್ದನ್ನು ಕೊಳವೆಗಳಲ್ಲಿ, ಕಹಳೆಗಳಲ್ಲಿ ಸುತ್ತಿಸಿ ಹೊರಗೆ ಬಿಟ್ಟ. ಅವನ ದಾರಿಯಲ್ಲೇ ಲೌಥರ್ ಕಂಪನಿ ನಡೆಯಿತು. ಪಕ್ಕದ ರಾಜ್ಯದ ಕೊಚ್ಚಿಯಲ್ಲಿ ಜೇಕಬ್ ಜಾರ್ಜ್ ಎಂಬ ವಾಸ್ತುಶಿಲ್ಪಿ ಶುರುಮಾಡಿದ ರೆಥಮ್ ಕಂಪನಿ ಕೂಡ ಆ ಲೌಥರ್ ಡ್ರೈವರುಗಳಿಂದಲೇ (ಪೆಟ್ಟಿಗೆಗೆ ಕೂರಿಸುವ ಬಿಡಿ ಸ್ಪೀಕರಿಗೆ ಡ್ರೈವರ್ ಅನ್ನುತ್ತಾರೆ) ಹೊರಟು ಹೊರದೇಶಗಳಲ್ಲಿ ಹೆಸರು ಮಾಡಿತು. ಕಹಳೆ ಪೆಟ್ಟಿಗೆಯ ಒಳಗಿನ ಮಡಿಕೆಗಳನ್ನು ಮೊದಲ ಸಲಕ್ಕೇ ಕಟ್ಟಲು ಹೋಗಬೇಡಿ. ಸರಳವಾದ ಪೆಟ್ಟಿಗೆಯಿಂದ ಶುರುಮಾಡಿ.

ಪೆಟ್ಟಿಗೆಯ ಅಳತೆಯನ್ನು ಹೇಳುವುದು ಬಡಗಿಯಲ್ಲ, ಡ್ರೈವರು. ಡ್ರೈವರ್ ಜೊತೆ ಬರುವ ಚೀಟಿಯಲ್ಲಿ ಮೂರು ಅಂಕಿ ನೋಡಿಕೊಳ್ಳಿ. ಎಫ್‌ಎಸ್ ಅಂದರೆ ಕೋನು ತಾನಾಗಿ ತೊನೆಯುವ ಸ್ವರ. ಕ್ಯೂಟಿಎಸ್ ಅಂದರೆ ತೊನೆಯಲು ಹೊರಟ ಕೋನಿಗೆ ಎಷ್ಟು ಬ್ರೇಕು ಬೀಳುತ್ತದೆ ಎಂಬ ಲೆಕ್ಕ, ಅಂಕಿ ಸಣ್ಣದಾದಷ್ಟೂ ಬ್ರೇಕು ಬಿಗಿ. ವ್ಯಾಸ್ ಅಂದರೆ ಕೋನಿನ ಅಂಚಿನಷ್ಟೇ ಬಿಗಿತ ಇರುವ ಗಾಳಿಯ ಗಾತ್ರ, ಲೀಟರಿನಲ್ಲಿ. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ, ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬರೆದ ಪ್ರಬಂಧಗಳಿಂದ ಈ ಲೆಕ್ಕ ಬಳಕೆಗೆ ಬಂತು. ಅದಕ್ಕೆ ಮೊದಲು ಎಲ್ಲ ಅಂದಾಜು, ಗರಗಸ, ಮತ್ತೆ ಅಂದಾಜು.

ಐದು ಅಂಗುಲದ ಒಂದು ಡ್ರೈವರ್ ತೆಗೆದುಕೊಳ್ಳಿ. ಎಫ್‌ಎಸ್ 60 ಹರ್ಟ್ಜ್, ಕ್ಯೂಟಿಎಸ್ 0.5, ವ್ಯಾಸ್ 20 ಲೀಟರ್. ಇದನ್ನು 20 ಲೀಟರಿನ ಪೂರ್ತಿ ಮುಚ್ಚಿದ ಪೆಟ್ಟಿಗೆಗೆ ಹಾಕಿದರೆ ಒಳಗಿನ ಗಾಳಿಯೇ ಇನ್ನೊಂದು ಸ್ಪ್ರಿಂಗಾಗಿ 60 ಇದ್ದದ್ದು 85ಕ್ಕೆ ಏರುತ್ತದೆ, 0.5 ಇದ್ದದ್ದು 0.7 ಆಗುತ್ತದೆ. ಆ 0.7 ಮುಚ್ಚಿದ ಪೆಟ್ಟಿಗೆಗೆ ಹದವಾದ ಅಂಕಿ, ಸ್ವರ ಉಬ್ಬುವುದೂ ಇಲ್ಲ, ಸೊರಗುವುದೂ ಇಲ್ಲ. 85 ಹರ್ಟ್ಜ್ ಸಾಲದು ಅನ್ನುವವರು ಕ್ಯೂಟಿಎಸ್ 0.4ರ ಒಳಗಿರುವ ಡ್ರೈವರ್ ಕೊಂಡು ಪೆಟ್ಟಿಗೆಗೆ ಕೊಳವೆ ಇಡಬಹುದು. ನಲ್ಲಿ ಕೆಲಸಕ್ಕೆ ತಂದ ಪಿವಿಸಿ ಪೈಪಿನ ತುಂಡೇ ಸಾಕು. ಒಳಬಾಯಿ 7 ಸೆಂ.ಮೀ., ಉದ್ದ 12 ಸೆಂ.ಮೀ. ಇದ್ದರೆ 20 ಲೀಟರಿನ ಪೆಟ್ಟಿಗೆ ಸುಮಾರು 58 ಹರ್ಟ್ಜಿಗೆ ಶ್ರುತಿಗೂಡುತ್ತದೆ. ಆ ಸ್ವರದ ಹತ್ತಿರ ಕೋನು ಹೆಚ್ಚು ಆಡುವುದಿಲ್ಲ, ಕೊಳವೆಯೊಳಗಿನ ಗಾಳಿಯೇ ಆಡುತ್ತದೆ. ಇನ್ನು ಕ್ಯೂಟಿಎಸ್ 0.7 ದಾಟಿದ ಡ್ರೈವರು ನಿಮ್ಮ ಕೈಗೆ ಸಿಕ್ಕಿದ್ದರೆ, ಹಳೆಯ ರೇಡಿಯೋದ ಸ್ಪೀಕರುಗಳು ಬಹುಪಾಲು ಈ ಜಾತಿಯವು, ಪೆಟ್ಟಿಗೆಯ ಯೋಚನೆ ಬಿಟ್ಟು ಅಗಲವಾದ ಒಂದು ಹಲಗೆಗೆ ಕೂರಿಸಿ ನಿಲ್ಲಿಸುವುದು ಮೇಲು.

20 ಲೀಟರನ್ನು ಯಾವ ಆಕಾರದಲ್ಲಿ ಮಾಡುವುದು? ಮೂರೂ ಕಡೆ ಸಮ ಇರುವ ಡಬ್ಬ ಮಾತ್ರ ಬೇಡ. ಎದುರುಬದುರು ಹಲಗೆಗಳ ನಡುವೆ ಸದ್ದು ಹೋಗಿಬಂದು ಒಂದು ಸ್ವರ ನಿಂತುಬಿಡುತ್ತದೆ. ಮೂರೂ ಅಳತೆ ಒಂದೇ ಆದರೆ ಮೂರೂ ಕಡೆಯದು ಒಂದೇ ಸ್ವರದಲ್ಲಿ ಕೂಡಿಕೊಂಡು ಕೊಡದೊಳಗಿಂದ ಮಾತಾಡಿದ ಹಾಗಾಗುತ್ತದೆ. ಒಳ ಅಳತೆ ಅಗಲ 17, ಆಳ 27, ಎತ್ತರ 44 ಸೆಂ.ಮೀ. ಇಟ್ಟರೆ 20 ಲೀಟರಿಗೆ ಸರಿಯಾಗುತ್ತದೆ, ನಿಲ್ಲುವ ಸ್ವರಗಳು 390, 635, 1,010 ಹರ್ಟ್ಜ್ ಎಂದು ದೂರ ದೂರ ಚದುರುತ್ತವೆ.

ಈಗ ಮರದ ಮಾತು. ತೇಗ ಬೇಡ ಅಂದೆ. ತೇಗ ಕೆಟ್ಟ ಮರ ಅಂತಲ್ಲ. ಒಂದು ಅಡಿ ಅಗಲದ ಯಾವುದೇ ಇಡೀ ಹಲಗೆ ಮಳೆಗಾಲದ ತೇವ ಕುಡಿದು ಹಿಗ್ಗುತ್ತದೆ, ಶಿವರಾತ್ರಿ ಕಳೆದ ಮೇಲೆ ಕುಗ್ಗುತ್ತದೆ. ಎಷ್ಟು ಹದ ಮಾಡಿ ಒಣಗಿಸಿದ ಮರವಾದರೂ ಒಂದೆರಡು ಮಿಲಿಮೀಟರ್ ಆಡುವುದು ತಪ್ಪದು. ಬಾಗಿಲಾದರೆ ಮಳೆಗಾಲದಲ್ಲಿ ಬಿಗಿಯಾಯಿತು ಎಂದು ಒದ್ದು ಹಾಕಿಕೊಳ್ಳುತ್ತೇವೆ. ಸ್ಪೀಕರ್ ಪೆಟ್ಟಿಗೆಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೂ ಅಲ್ಲಿಂದ ಗಾಳಿ ಸಿಳ್ಳು ಹೊಡೆಯುತ್ತದೆ. ಜೊತೆಗೆ ಒಳ್ಳೆಯ ಇಡೀ ಮರಕ್ಕೆ ತನ್ನದೇ ಒಂದು ನುಡಿ ಇರುತ್ತದೆ. ಹಲಸಿನಕಾಯಿ ಬಲಿತಿದೆಯೋ ಇಲ್ಲವೋ ಎಂದು ತಟ್ಟಿ ನೋಡುತ್ತೇವಲ್ಲ, ಹಾಗೆ ಬೆರಳ ಗೆಣ್ಣಿನಿಂದ ಹಲಗೆಯನ್ನು ತಟ್ಟಿ. "ಟಂಯ್" ಎಂದು ಎಳೆದರೆ ವಾದ್ಯಕ್ಕೆ ಕೊಡಿ, "ದಬ್" ಎಂದು ಅಲ್ಲೇ ಸತ್ತರೆ ಪೆಟ್ಟಿಗೆಗೆ ಇಟ್ಟುಕೊಳ್ಳಿ. ಬೀಟೆಯಂತೂ ಟಂಯ್‌ಗುಟ್ಟುವುದರಲ್ಲಿ ಎತ್ತಿದ ಕೈ. ಅದು ಸಿಗುವುದೂ ಕಷ್ಟ, ಕಡಿಯಲು ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ಮಾವಿನ ಹಲಗೆ ನಮ್ಮಲ್ಲಿ ಅಗ್ಗ, ರಾಮನಗರ ಸೀಮೆಯೇ ಮಾವಿನ ತೋಪು. ಆದರೆ ಹುಳಕ್ಕೆ ಅದು ಅಚ್ಚುಮೆಚ್ಚು. ಒಂದೆರಡು ವರ್ಷಕ್ಕೆ ಪೆಟ್ಟಿಗೆಯ ಕೆಳಗೆ ಹಳದಿ ಪುಡಿ ಉದುರತೊಡಗುತ್ತದೆ. ನೀಲಗಿರಿ ಸೀಳು ಬಿಡುತ್ತದೆ. ಸಿಲ್ವರ್ ಓಕ್ ಹಗುರ, ಕಾಲು ಸ್ಟ್ಯಾಂಡಿಗೆ ಪರವಾಗಿಲ್ಲ. ಎಂಡಿಎಫ್ ದೇಶವಿದೇಶಗಳ ಕಂಪನಿಗಳು ಬಳಸುವ ಸಾಮಾನು. ಒಳಗೆಲ್ಲ ಒಂದೇ ಹದ, ಕೊರೆದ ಅಂಚು ನುಣುಪು, ತಟ್ಟಿದರೆ ಸತ್ತ ಸದ್ದು. ಆದರೆ ಅದನ್ನು ನೆಲಕ್ಕೆ ಬಕೆಟ್ ನೀರು ಚೆಲ್ಲಿ ತೊಳೆಯುವ ಮನೆಯಲ್ಲಿ ಇಟ್ಟು ನೋಡಿ. ಕೆಳಗಿನ ಅಂಚು ನೆನೆದ ಬ್ರೆಡ್ಡಾಗುತ್ತದೆ. ಕೊಯ್ಯುವಾಗ ಏಳುವ ಧೂಳೂ ಎದೆಗೆ ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟದೆ ಕೂಡದು.

ಉಳಿದದ್ದು ಪ್ಲೈವುಡ್. ತೆಳು ಹಾಳೆಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸಿರುವುದರಿಂದ ಹಿಗ್ಗುಕುಗ್ಗು ಒಂದನ್ನೊಂದು ತಡೆದುಕೊಳ್ಳುತ್ತವೆ, ನುಡಿಯೂ ಅರ್ಧಕ್ಕೇ ಸಾಯುತ್ತದೆ. ಯುರೋಪಿನವರು ಬರ್ಚ್ ಪ್ಲೈ ಎಂದು ಹಾಡಿಹೊಗಳುತ್ತಾರೆ. ಬೆಂಗಳೂರಿನಲ್ಲಿ ಅದು ಸಿಕ್ಕರೂ ಬೆಲೆ ಕೇಳಿ ಸುಮ್ಮನಾಗಬೇಕು. ಅದರ ಬದಲು ಅಂಗಡಿಯವರು 'ಸೆವೆನ್ ಟೆನ್' ಅನ್ನುವ ಪ್ಲೈ ಕೇಳಿ. ಐಎಸ್ 710 ಎಂಬ ಗುಣಮಟ್ಟದ, ಕುದಿಯುವ ನೀರಿಗೂ ಅಂಟು ಬಿಡದ ಜಾತಿ. ಐಎಸ್ 303ರ ಸಾಧಾರಣ ಪ್ಲೈ ಕೂಡ ನಡೆಯುತ್ತದೆ, ನೀರು ತಾಗಬಾರದಷ್ಟೆ. ಶೀಟನ್ನು ನಿಲ್ಲಿಸಿ ಅಂಚು ನೋಡಿ. ಪದರಗಳ ನಡುವೆ ಖಾಲಿ ಕಿಂಡಿ ಕಂಡರೆ ಅದನ್ನು ಬಿಟ್ಟು ಮುಂದಿನ ಶೀಟು ತೆಗೆಸಿ. ಒಳಗಿನ ಆ ಕಿಂಡಿಯಲ್ಲಿ ಸಡಿಲ ಚೂರೊಂದು ಸಿಕ್ಕಿಕೊಂಡಿದ್ದರೆ ಪೆಟ್ಟಿಗೆ ಜೀವಮಾನವಿಡೀ ಗುರ್ ಅನ್ನುತ್ತದೆ. ಹೊಲದ ಬದುಗಳಲ್ಲಿ ನಮ್ಮವರು ಈಚೆಗೆ ನೆಡುತ್ತಿರುವ ಹೆಬ್ಬೇವು ಹೋಗುವುದೂ ಪ್ಲೈ ಕಾರ್ಖಾನೆಗೇ. ಹಾಗೆ ನೋಡಿದರೆ ಊರ ಮರದ್ದೇ ಪೆಟ್ಟಿಗೆ ಎಂದು ಹೇಳಿಕೊಳ್ಳಲೂ ಅಡ್ಡಿಯಿಲ್ಲ!

18 ಮಿ.ಮೀ.ನ ಒಂದು ಎಂಟು-ನಾಲ್ಕು ಶೀಟಿನಲ್ಲಿ ಮೇಲೆ ಹೇಳಿದ ಅಳತೆಯ ಜೋಡಿ ಪೆಟ್ಟಿಗೆ ಮುಗಿದು ಅರ್ಧಕ್ಕಿಂತ ಹೆಚ್ಚು ಮಿಗುತ್ತದೆ. ಮಿಕ್ಕಿದ್ದರಲ್ಲಿ ಮುಂದಿನ ಹಲಗೆಯನ್ನು ಎರಡು ಪದರ ಮಾಡಿ, ಒಳಗಿನ ಕಟ್ಟುಗಳನ್ನೂ ತೆಗೆಯಿರಿ. ಬರೀ ದಪ್ಪ ಹೆಚ್ಚಿಸುವುದಕ್ಕಿಂತ ಒಳಗೊಂದು ಅಡ್ಡಹಲಗೆ ಕೊಡುವುದು ಹೆಚ್ಚು ಕೆಲಸ ಮಾಡುತ್ತದೆ. ಆ ಅಡ್ಡಹಲಗೆಗೆ ಗಾಳಿ ಹಾಯಲು ದೊಡ್ಡ ತೂತುಗಳಿರಬೇಕು. ಅದು ಸರಿಯಾಗಿ ನಡುಮಧ್ಯದಲ್ಲಿ ಇರಬಾರದು, ಇದ್ದರೆ ಮೇಲಿನ ಭಾಗ ಕೆಳಗಿನ ಭಾಗ ಎರಡೂ ಒಂದೇ ಸ್ವರಕ್ಕೆ ಅದುರುತ್ತವೆ. ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ ಇದಕ್ಕೆ ವಿರುದ್ಧದ ದಾರಿ ಹಿಡಿದಿದ್ದರು. ತೆಳುವಾದ ಬರ್ಚ್ ಪ್ಲೈ, ಅದರ ಒಳಮೈಗೆ ಡಾಂಬರಿನ ಹಾಳೆ. ಅವರ ಐದು ಲೀಟರಿನ ಪುಟ್ಟ ಎಲ್‌ಎಸ್ 3/5ಎಗೆ ಇವತ್ತಿಗೂ ಭಕ್ತರಿದ್ದಾರೆ. ಆ ಹದ ಸಾಧಿಸಲು ಅಳೆಯುವ ಸಲಕರಣೆ ಬೇಕು. ನಮಗೆ ದಪ್ಪ, ಅಡ್ಡಹಲಗೆ, ಬಿಗಿ ಇಷ್ಟೇ ಕ್ಷೇಮ.

ನನ್ನ ಪೆಟ್ಟಿಗೆಗಳನ್ನು ಕಟ್ಟುವ ಆಚಾರ್ರು ಬಾಗಿಲು ಮಂಟಪಗಳಲ್ಲಿ ಪಳಗಿದ ಕೈ. ಪ್ಲೈ ಅಂದರೆ ಅವರಿಗೆ ಒಂಚೂರು ತಾತ್ಸಾರ. ಡ್ರೈವರಿನ ತೂತಿನ ವಿಷಯಕ್ಕೆ ಒಂದು ದಿನ ಮಾತಾಯಿತು.

"ಮುಂದ್ಗಡೆ ನುಣ್ಣಗೆ ಕೊರ್ದಿದೀನಲ್ಲಣ್ಣ, ಹಿಂದ್ಗಡೆ ಯಾರ್ ನೋಡ್ತಾರೆ? ಅದನ್ಯಾಕೆ ಕೆರೀಬೇಕು?"

"ಆಚಾರ್ರೇ, ಸ್ಪೀಕರ್ ಉಸಿರಾಡೋದೇ ಹಿಂದ್ಗಡೆ."

ಐದಂಗುಲದ ಡ್ರೈವರಿಗೆ ಹನ್ನೊಂದೂವರೆ ಸೆಂ.ಮೀ. ಆಸುಪಾಸಿನ ತೂತು. ಎರಡು ಪದರ ಸೇರಿ ಹಲಗೆಯ ದಪ್ಪ 36 ಮಿ.ಮೀ. ಆದಾಗ ಆ ತೂತು ಒಂದು ಗಿಡ್ಡ ಸುರಂಗವಾಗುತ್ತದೆ, ಕೋನಿನ ಬೆನ್ನು ಅದರ ಗೋಡೆಗೆ ಅಂಟಿಕೊಂಡಂತೆ ನಿಲ್ಲುತ್ತದೆ. ಹಿಂದಿನ ಅಂಚನ್ನು 45 ಡಿಗ್ರಿಗೆ ಓರೆ ಹೊಡೆಯಬೇಕು, ಸ್ಕ್ರೂ ಬೀಳುವ ನಾಲ್ಕು ಕಡೆ ಮಾತ್ರ ಮರ ಉಳಿಸಬೇಕು. ರೂಟರ್ ಇದ್ದರೆ ಹತ್ತು ನಿಮಿಷ. ಆಚಾರ್ರು ಉಳಿಯಲ್ಲೇ ಮಾಡಿದರು, ಗೊಣಗುತ್ತಲೇ. ಓರೆ ಹೊಡೆದ ಪೆಟ್ಟಿಗೆ, ಹೊಡೆಯದ ಪೆಟ್ಟಿಗೆ ಎರಡಕ್ಕೂ ಒಂದೇ ಹಾಡು ಹಾಕಿ ಕೇಳಿಸಿದೆ. ಒಂದರಲ್ಲಿ ಹಾಡುವವನಿಗೆ ನೆಗಡಿ ಬಿಟ್ಟಿತ್ತು. ಅವತ್ತಿನಿಂದ ಹೇಳದಿದ್ದರೂ ಹಿಂದೆ ಓರೆ ಬಿದ್ದಿರುತ್ತದೆ.

ಡ್ರೈವರ್ ಹಲಗೆಯ ಸರಿಮಧ್ಯದಲ್ಲಿ ಬೇಡ, ಎತ್ತರದ ಮೂರನೇ ಒಂದು ಪಾಲು ಕೆಳಗಿಳಿದಲ್ಲಿ ಬರಲಿ. ಮೂಲೆಗಳಿಗೆ ಮೊಳೆ ಹೊಡೆದು ಮುಗಿಸಬೇಡಿ. ಫೆವಿಕಾಲ್ ಧಾರಾಳ ಹಾಕಿ ಕ್ಲಾಂಪಿನಲ್ಲಿ ಒಂದು ರಾತ್ರಿ ಬಿಗಿಯಿರಿ, ಒಳ ಮೂಲೆಗಳಿಗೆಲ್ಲ ಮತ್ತೊಂದು ಸುತ್ತು ಅಂಟು ಬಳಿಯಿರಿ. ಸೋರಿಕೆ ಪರೀಕ್ಷೆಗೆ ಊದುಬತ್ತಿ ಸಾಕು. ಮುಚ್ಚಿದ ಪೆಟ್ಟಿಗೆಯಲ್ಲಿ ಸಣ್ಣ ಸದ್ದಿನಲ್ಲಿ ದಪ್ಪ ಸ್ವರ ಹಾಕಿ ಕೀಲುಗಳ ಉದ್ದಕ್ಕೂ ಹೊಗೆ ಹಿಡಿದರೆ, ಸಂದು ಇರುವಲ್ಲಿ ಹೊಗೆ ಬೆದರುತ್ತದೆ.

ಒಳಗೆ ತುಂಬುವುದಕ್ಕೆ ಪಾಲಿಯೆಸ್ಟರ್ ಹತ್ತಿ ಎಲ್ಲೆಡೆ ಸಿಗುತ್ತದೆ. ನನಗೆ ಮೆಚ್ಚು ಹಳೆಯ ಕುರಿ ಕಂಬಳಿ. ಉಣ್ಣೆ ಸದ್ದನ್ನು ಕುಡಿಯುವುದರಲ್ಲಿ ಗಟ್ಟಿ, 1960ರ ದಶಕದಲ್ಲಿ ಇಂಗ್ಲೆಂಡಿನ ಬೇಯ್ಲಿ ತನ್ನ ಉದ್ದ ಕೊಳವೆಯ ಪೆಟ್ಟಿಗೆಗೆ ತುಂಬಿದ್ದೂ ಉಣ್ಣೆಯನ್ನೇ. ಬೇವಿನ ಎಲೆ ಹಾಕಿದ ನೀರಿನಲ್ಲಿ ತೊಳೆದು ಒಣಗಿಸಿ, ಹಿಂದಿನ ಮತ್ತು ಪಕ್ಕದ ಹಲಗೆಗೆ ಅಂಟಿಸಿ. ಕೊಳವೆ ಇರುವ ಪೆಟ್ಟಿಗೆಯಲ್ಲಿ ಅದರ ಬಾಯಿಗೆ ಅಡ್ಡ ಬರಬಾರದು. ಹಾಗೇ ಕೊಳವೆಗೆ ಒಳಗಡೆಯಿಂದ ಸೊಳ್ಳೆ ಜಾಲರಿಯಲ್ಲ, ಕಣ್ಣು ದೊಡ್ಡದಿರುವ ತಂತಿ ಜಾಲರಿ ಹಾಕಿ. ಇಂಗ್ಲಿಷ್ ಪುಸ್ತಕಗಳಲ್ಲಿ ಯಾರೂ ಬರೆಯದ ಮಾತಿದು. ಏಳು ಸೆಂಟಿಮೀಟರಿನ ಬಾಯಿ, ಒಳಗೆ ಬೆಚ್ಚನೆಯ ಕಂಬಳಿ ಅಂದರೆ ನಮ್ಮ ಇಲಿಗಳಿಗೆ ಹೆರಿಗೆ ಮನೆ.

ಅಂದಕ್ಕೆ ಚನ್ನಪಟ್ಟಣ ಇದ್ದೇ ಇದೆ. ಅಲ್ಲಿನವರು ಆಲೆ ಮರವನ್ನು ಲೇತಿಗೆ ಕಟ್ಟಿ ತಿರುಗಿಸಿ, ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಕೂರುತ್ತದೆ, ಆಮೇಲೆ ತಾಳೆಗರಿಯಲ್ಲಿ ಒತ್ತಿದರೆ ಹೊಳಪು. ಕೊಳವೆಯ ಬಾಯಿಗೊಂದು ಬಳೆ, ಪೆಟ್ಟಿಗೆಗೆ ನಾಲ್ಕು ಕಾಲು ಅಲ್ಲಿ ಮಾಡಿಸಿದರೆ ಸೊಗಸು. ಕೊಳವೆಯ ಬಾಯಿ ನುಣ್ಣಗೆ ಅರಳಿಕೊಂಡಿದ್ದರೆ ಗಾಳಿಯ ಪುಸುಪುಸು ಕೂಡ ತಗ್ಗುತ್ತದೆ, ಬರೀ ಚಂದಕ್ಕಲ್ಲ. ಇಡೀ ಪೆಟ್ಟಿಗೆಗೆ ಅದೇ ಬಣ್ಣ ಬೇಕು ಎಂದು ಕೇಳುವವರಿದ್ದಾರೆ. ಆಗದು. ತಿರುಗುವ ಉರುಟಿಗಷ್ಟೇ ಆ ವಿದ್ಯೆ, ಚಪ್ಪಟೆ ಹಲಗೆಯನ್ನು ಲೇತಿಗೆ ಕಟ್ಟಿ ಉಜ್ಜುವುದು ಹೇಗೆ? ಹಲಗೆಗೆ ತೇಗದ ವೆನೀರ್ ಅಂಟಿಸಿ ಫ್ರೆಂಚ್ ಪಾಲಿಶ್ ಕೊಡಿ. ಅದೂ ಸ್ಪಿರಿಟಿನಲ್ಲಿ ಕರಗಿಸಿದ ಅರಗೇ. ಹೀಗೆ ತೇಗದ ಆಸೆಯೂ ತೀರುತ್ತದೆ, ಕಾಗದದಷ್ಟು ತೆಳು ತೇಗದಿಂದ ಸದ್ದಿಗೇನೂ ಬಾಧಕವಿಲ್ಲ.

ಪೆಟ್ಟಿಗೆ ಮುಗಿದ ಮೇಲೆ ಗೋಡೆಗೆ ತೀರಾ ಅಂಟಿಸಬೇಡಿ, ಕೋಣೆಯ ನಡುವೆಗೂ ತರಬೇಡಿ. ಇಪ್ಪತ್ತು ಸೆಂ.ಮೀ. ಚಿಲ್ಲರೆ ಅಗಲದ ಮುಖ ಇರುವ ಪೆಟ್ಟಿಗೆ ಸುಮಾರು 550 ಹರ್ಟ್ಜಿನಿಂದ ಕೆಳಗಿನ ಸ್ವರವನ್ನು ಹಿಂದಕ್ಕೂ ಚೆಲ್ಲುತ್ತದೆ, ಎದುರಿಗೆ ದನಿ ಸೊರಗುತ್ತದೆ. ಹಿಂದೆ ಒಂದು ಗೇಣು ದೂರದಲ್ಲಿ ಗೋಡೆ ಇದ್ದರೆ ಚೆಲ್ಲಿದ್ದರಲ್ಲಿ ಒಂದಿಷ್ಟು ವಾಪಸ್ ಬರುತ್ತದೆ. ಕೋಣೆಗೆ ತಕ್ಕಂತೆ ಒಂದೊಂದೇ ಅಂಗುಲ ಸರಿಸಿ ಕೇಳುವುದೇ ಮದ್ದು.

ಮೊದಲು ಏನು ಹಾಕಿ ಕೇಳಬೇಕು? ಹುಡುಗರು ಮೊಬೈಲಿನಲ್ಲಿ ಡ್ರಮ್ಮಿನ ಹಾಡು ಹುಡುಕುತ್ತಾರೆ. ನಾನು ಮೊದಲು ಹಾಕುವುದು ಆಕಾಶವಾಣಿಯ ವಾರ್ತೆ. ಗಂಡು ದನಿಯ ಬುಡ 100 ಹರ್ಟ್ಜ್ ಆಸುಪಾಸಿನಲ್ಲಿ ಶುರುವಾಗುತ್ತದೆ, ಪೆಟ್ಟಿಗೆಯ ಹಲಗೆಗಳು ಅದುರುವುದು ಅದಕ್ಕಿಂತ ಸ್ವಲ್ಪ ಮೇಲೆ. ಹಾಗಾಗಿ ಪೆಟ್ಟಿಗೆ ಏನಾದರೂ ಬಾಯಿ ಹಾಕುತ್ತಿದ್ದರೆ ವಾರ್ತೆ ಓದುವವರ ಎದೆಯಲ್ಲಿ ಅದು ಮೊದಲು ಸಿಕ್ಕಿಬೀಳುತ್ತದೆ. ಮಾತು ಗೆದ್ದ ಮೇಲೆ ರಾಮನಗರದ ಜಾನಪದ ಲೋಕದಲ್ಲಿ ಕೇಳಸಿಗುವಂಥ ಒಂಟಿ ದನಿಯ ಹಾಡು, ಏಕತಾರಿಯ ತತ್ವಪದ, ಆಮೇಲೆ ವೀಣೆ. ಡೊಳ್ಳು ಕಡೆಗೆ.

ಮೊನ್ನೆ ಕನಕಪುರದ ಕಡೆಯ ಹುಡುಗನೊಬ್ಬ ಇಷ್ಟನ್ನೂ ಕೂತು ಕೇಳಿದ. ಏಕತಾರಿ ಮುಗಿಯುವ ಹೊತ್ತಿಗೆ, "ಅಣ್ಣ, ಗಣೇಶನ ಮೆರವಣಿಗೆಗೆ ಟ್ರ್ಯಾಕ್ಟರ್ ಮೇಲೆ ಇಡಕ್ಕಾಗತ್ತಾ ಇದನ್ನ?" ಅಂದ. ಅಂಥದ್ದನ್ನು ಬಾಡಿಗೆಗೆ ಕೊಡುವವರ ನಂಬರ್ ಬರೆದುಕೊಟ್ಟೆ. ಮನೆಗೊಂದು ಜೊತೆ ಬೇಕಾದಾಗ ಶೀಟು ತೆಗೆದುಕೊಂಡು ಬರ್ತೀನಿ ಅಂತ ಹೇಳಿ ಹೋಗಿದ್ದಾನೆ. ಸೆವೆನ್ ಟೆನ್ನೇ ತರಬೇಕು, ಅಂಚು ನೋಡಿ ತರಬೇಕು ಎಂದು ಎರಡು ಸಲ ಹೇಳಿ ಕಳಿಸಿದ್ದೇನೆ.